ಬೋಳುಬೆಟ್ಟದ ತಪ್ಪಲಲ್ಲಿ ಹಸಿರು ತೋಟ

ಇರಾನಿನ ಆಗ್ನೇಯ ಭಾಗದಲ್ಲಿರುವ ಕೆರ್ಮಾನ್ ನಗರದಿಂದ ಮಾಹಾನ್ ಎಂಬ ಸಣ್ಣ ಪಟ್ಟಣಕ್ಕೆ ಸುಮಾರು 35 ಕಿಲೋಮೀಟರ್ ದೂರ. ಬೆಳಿಗ್ಗೆ ಹೊರಟವರು ಅಲ್ಲಿನದನ್ನೆಲ್ಲ ನೋಡಿಕೊಂಡು ಸಂಜೆಗೆ ಆರಾಮವಾಗಿ ಮರಳಬಹುದು. ದಾರಿಯುದ್ದಕ್ಕೂ ಕಾಣುವುದು ಮಣ್ಣು, ಕಲ್ಲು, ದೂರದಲ್ಲಿ ಹುಲ್ಲುಕಡ್ಡಿಯೂ ಇಲ್ಲದ ಬೋಳುಬೆಟ್ಟಗಳ ಸಾಲು. ಈ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ 150 ಮಿಲಿಮೀಟರ್ ಮುಟ್ಟುವುದೂ ಕಷ್ಟ. ನಮ್ಮ ಕರಾವಳಿಯಲ್ಲಿ ಮುಂಗಾರು ಬಿರುಸಾದರೆ ಅಷ್ಟು ಮಳೆ ಒಂದೇ ದಿನದಲ್ಲಿ ಸುರಿಯುವುದುಂಟು.

ಮಾಹಾನ್ ದಾಟಿ ಸುಮಾರು ಆರು ಕಿಲೋಮೀಟರ್ ಹೋದರೆ ಈ ಬರಡು ನೆಲದ ನಡುವೆ ಎತ್ತರದ ಗೋಡೆಯೊಂದು ಎದುರಾಗುತ್ತದೆ. ಹೆಬ್ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಸೈಪ್ರಸ್, ಪೈನ್ ಮರಗಳ ನೆರಳು, ದಾಳಿಂಬೆ, ದ್ರಾಕ್ಷಿ, ಹೂವಿನ ಮಡಿಗಳು. ನಡುವೆ ಮೆಟ್ಟಿಲು ಮೆಟ್ಟಿಲಾಗಿ ಧುಮುಕಿ ಬರುವ ನೀರು. ಇದೇ ‘ಬಾಗೆ ಶಾಜ್ದೆ’, ಅಂದರೆ ರಾಜಕುಮಾರನ ತೋಟ. ರಜೆಯ ದಿನಗಳಲ್ಲಿ ಕೆರ್ಮಾನಿನ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಬರುತ್ತವೆ.

ಗೋಡೆಯ ಹೊರಗೆ ಮರುಭೂಮಿ, ಒಳಗೆ ನಂದನವನ. ಇದು ಹೇಗೆ ಸಾಧ್ಯವಾಯಿತು? ಉತ್ತರ ತೋಟದಲ್ಲಿಲ್ಲ, ನೆಲದ ಅಡಿಯಲ್ಲಿದೆ.

ಇಳಿಜಾರೇ ಪಂಪು

ತೋಟದ ಉದ್ದ ಸುಮಾರು 400 ಮೀಟರ್, ಅಗಲ ಸುಮಾರು 120 ಮೀಟರ್. ಹೆಬ್ಬಾಗಿಲು ಕೆಳತುದಿಯಲ್ಲಿದೆ, ವಾಸದ ಮಹಲು ಮೇಲ್ತುದಿಯಲ್ಲಿ. ಎರಡರ ನಡುವಿನ ಎತ್ತರದ ವ್ಯತ್ಯಾಸ ಸುಮಾರು 20 ಮೀಟರ್. ನೀರು ಮೇಲಿನಿಂದ ಒಳಬಂದು ಮೆಟ್ಟಿಲುಗಳನ್ನು ಇಳಿಯುತ್ತದೆ, ಇಕ್ಕೆಲದ ಕಾಲುವೆಗಳಿಗೆ ಹಂಚಿಹೋಗಿ ಮರಗಳ ಬುಡ ತೋಯಿಸುತ್ತದೆ. ಕಾರಂಜಿಗಳು ಚಿಮ್ಮುವುದೂ ಇಳಿಜಾರಿನ ಒತ್ತಡದಿಂದಲೇ. ತೋಟವನ್ನು ಕಟ್ಟಿದ ಕಾಲಕ್ಕೆ ಇಲ್ಲಿ ವಿದ್ಯುತ್ತೂ ಇರಲಿಲ್ಲ, ಪಂಪೂ ಇರಲಿಲ್ಲ. ಸುತ್ತಲಿನ ಗೋಡೆ ಬರೀ ಅಂದಕ್ಕೆ ಕಟ್ಟಿದ್ದಲ್ಲ. ಮರುಭೂಮಿಯ ಒಣಗಾಳಿಯನ್ನೂ ಧೂಳನ್ನೂ ತಡೆದು ಒಳಗಿನ ತೇವವನ್ನು ಕಾಯುವುದು ಅದರ ಕೆಲಸ.

ಈಗಿನ ರೂಪದ ತೋಟವನ್ನು ಕಟ್ಟಿಸಿದವನು ಕಜಾರ್ ರಾಜವಂಶದ ಅಬ್ದುಲ್ ಹಮೀದ್ ಮಿರ್ಜಾ ನಾಸಿರುದ್ದೌಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅವನು ಕೆರ್ಮಾನಿನ ರಾಜ್ಯಪಾಲನಾಗಿದ್ದ. ಕೆಲಸ ಮುಗಿಯುವ ಮೊದಲೇ ಅವನು ತೀರಿಕೊಂಡ. ಸುದ್ದಿ ಮುಟ್ಟಿದ ಕ್ಷಣ ಗಾರೆಯವನು ಕೈಯಲ್ಲಿದ್ದ ಗಾರೆಯನ್ನು ಗೋಡೆಗೆ ಎರಚಿ ಹೊರಟೇಹೋದ ಎಂಬ ಕಥೆಯನ್ನು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ. ಕಥೆ ಏನೇ ಇರಲಿ, ಹೆಬ್ಬಾಗಿಲಿನ ಮೇಲೆ ಹೆಂಚಿನ ಅಲಂಕಾರ ಕೂರಬೇಕಾಗಿದ್ದ ಜಾಗಗಳು ಖಾಲಿ ಉಳಿದಿರುವುದಂತೂ ನಿಜ. 2011ರಲ್ಲಿ ಯುನೆಸ್ಕೊ ಒಂಬತ್ತು ಪಾರಸಿ ಉದ್ಯಾನಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅವುಗಳಲ್ಲಿ ಇದೂ ಒಂದಾಯಿತು.

ನೆಲದಡಿಯ ಹೊಳೆ

ತೋಟದ ಹಿಂದೆ ನಿಂತಿರುವುದು 4,000 ಮೀಟರ್ ಮೀರಿದ ಜೂಪಾರ್ ಪರ್ವತಸಾಲು. ಚಳಿಗಾಲದಲ್ಲಿ ಅದರ ನೆತ್ತಿಯ ಮೇಲೆ ಬೀಳುವ ಹಿಮ ಕರಗಿ ತಪ್ಪಲಿನ ಕಲ್ಲುಮಣ್ಣಿನೊಳಗೆ ಇಂಗುತ್ತದೆ. ಆ ನೀರನ್ನು ಬಿಸಿಲಿಗೆ ಒಡ್ಡದೆ ಊರಿನವರೆಗೆ ತರಲು ಇರಾನಿಯರು ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಕಂಡುಕೊಂಡ ಉಪಾಯವೇ ‘ಕನಾತು’. ಇದಕ್ಕೆ ‘ಕರೇಜ್’ ಎಂಬ ಹೆಸರೂ ಉಂಟು.

ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆಯುವ ಸುರಂಗವನ್ನು ಬಲ್ಲವರಿಗೆ ಕನಾತು ಬೇಗ ಅರ್ಥವಾದೀತು. ಆದರೆ ಇದು ಬಹುದೂರ ಸಾಗುವ ಸುರಂಗ. ಮೊದಲು ಬೆಟ್ಟದ ಬುಡದಲ್ಲಿ ನೀರು ಸಿಗುವಷ್ಟು ಆಳಕ್ಕೆ ‘ತಾಯಿಬಾವಿ’ ತೋಡುತ್ತಾರೆ. ಆಮೇಲೆ ಊರಿನ ಕಡೆಯಿಂದ ಆ ಬಾವಿಯತ್ತ, ನೀರು ತಾನಾಗಿ ಹರಿಯುವಷ್ಟು ಮಾತ್ರ ಇಳಿಜಾರು ಇಟ್ಟು ಸುರಂಗ ಕೊರೆಯುತ್ತಾರೆ. ಇಳಿಜಾರು ಹೆಚ್ಚಾದರೆ ಸುರಂಗ ಕೊರೆದುಹೋಗುತ್ತದೆ, ಕಡಿಮೆಯಾದರೆ ಹೂಳು ಕಟ್ಟುತ್ತದೆ. ಗಾಳಿಗೆ, ಮಣ್ಣು ಎತ್ತುವುದಕ್ಕೆ, ಮುಂದೆ ದುರಸ್ತಿಗೆ ಇಳಿಯುವುದಕ್ಕೆಂದು ದಾರಿಯುದ್ದಕ್ಕೂ ಸಾಲಾಗಿ ಬಾವಿಗಳು. ಪೂರ್ವ ಇರಾನಿನ ಗೊನಾಬಾದಿನ ಕನಾತಿನ ತಾಯಿಬಾವಿ 300 ಮೀಟರಿಗೂ ಹೆಚ್ಚು ಆಳವಿದೆ. 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹನ್ನೊಂದು ಕನಾತುಗಳಲ್ಲಿ ಅದೂ ಇದೆ, ಜೂಪಾರ್ ಊರಿನ ಗೌಹರ್‌ರೀಜ್ ಕನಾತೂ ಇದೆ.

ಹೀಗೆ ಬಂದ ನೀರು ಒಬ್ಬರ ಸ್ವತ್ತಲ್ಲ. ಯಾರ ಹೊಲಕ್ಕೆ ಎಷ್ಟು ಹೊತ್ತು ಎಂಬ ಲೆಕ್ಕವಿತ್ತು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಟ್ಟು, ಅದು ಮುಳುಗುವ ಹೊತ್ತನ್ನು ಒಂದು ಪಾಲೆಂದು ಎಣಿಸುತ್ತಿದ್ದರು. ನಮ್ಮಲ್ಲಿ ಮದುವೆಯ ಮುಹೂರ್ತಕ್ಕೆ ಬಳಸುತ್ತಿದ್ದ ಗಳಿಗೆ ಬಟ್ಟಲಿನ ಸೋದರನೇ ಇದು.

ಮಾಹಾನಿನಿಂದ ಬೀದರಿಗೆ

ಮಾಹಾನಿಗೂ ಕರ್ನಾಟಕಕ್ಕೂ ಹಳೆಯದೊಂದು ನಂಟಿದೆ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಪಟ್ಟಣದಲ್ಲಿ ಸೂಫಿ ಸಂತ ಶಾಹ್ ನಿಯಾಮತುಲ್ಲಾ ವಲಿಯ ದರ್ಗಾ ಇದೆ. ತೋಟಕ್ಕೆ ಬಂದವರು ಅಲ್ಲಿಗೂ ಹೋಗಿಯೇ ಹೋಗುತ್ತಾರೆ. 1431ರಲ್ಲಿ ತೀರಿಕೊಂಡ ಈ ಸಂತನ ಸಮಾಧಿಯ ಮೇಲೆ ಗುಮ್ಮಟ ಕಟ್ಟಿಸಿದವನು ಇರಾನಿನ ದೊರೆಯಲ್ಲ, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಬಹಮನಿ ಸುಲ್ತಾನ ಅಹಮದ್ ಶಾಹ್ ವಲಿ. ಆ ಕಟ್ಟಡ 1436ರದು. ಸಂತನ ಮಗ ಖಲೀಲುಲ್ಲಾ ಬೀದರಿಗೆ ಬಂದು ನೆಲೆಸಿದ. ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಅವನ ಸಮಾಧಿಯೇ.

ಇರಾನಿನಿಂದ ಬೀದರಿಗೆ ಬಂದದ್ದು ಸಂತರು, ಕುಶಲಕರ್ಮಿಗಳು ಮಾತ್ರವಲ್ಲ. ನೆಲದಡಿಯಲ್ಲಿ ನೀರು ತರುವ ವಿದ್ಯೆಯೂ ಬಂತು. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ಕೊರೆದ ಕರೇಜ್‌ಗಳು ಬಹಮನಿ ಕಾಲದವು. ನೌಬಾದ್ ಬಳಿಯ ಕರೇಜನ್ನು ಜನ ‘ಸುರಂಗ ಬಾವಿ’ ಎನ್ನುತ್ತಾರೆ. ಎಷ್ಟೋ ಕಾಲ ಅದರ ಬಾವಿಗಳ ಬಾಯಿ ಮಣ್ಣುಕಸದಿಂದ ಮುಚ್ಚಿಹೋಗಿತ್ತು. 2010ರ ದಶಕದ ನಡುವೆ ಹೂಳು ತೆಗೆಯುವ ಕೆಲಸ ನಡೆದಾಗ ಒಳಗೆ ಇನ್ನೂ ನೀರಿತ್ತು.

ಬಾವಿಗೂ ಕನಾತಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. ಬೆಟ್ಟ ಕೊಟ್ಟಷ್ಟನ್ನು ಮಾತ್ರ ಕನಾತು ತರುತ್ತದೆ. ಹಿಮ ಕಡಿಮೆ ಬಿದ್ದ ವರ್ಷ ಹರಿವೂ ಇಳಿಯುತ್ತದೆ, ಜನ ಅದಕ್ಕೆ ತಕ್ಕಂತೆ ಬಿತ್ತುತ್ತಾರೆ. ಪಂಪು ಕೂರಿಸಿದ ಆಳದ ಬಾವಿಗೆ ಅಂಥ ಕಟ್ಟುಪಾಡಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಕೆರ್ಮಾನ್ ಸೀಮೆಯಲ್ಲಿ ಪಿಸ್ತಾ ತೋಟಗಳಿಗಾಗಿ ಇಂಥ ಬಾವಿಗಳು ಹೆಚ್ಚಿದವು, ಅಂತರ್ಜಲ ಕುಸಿಯಿತು, ಅನೇಕ ಕನಾತುಗಳು ಬತ್ತಿದವು. ನೀರಿನ ಮಟ್ಟ ಸುರಂಗಕ್ಕಿಂತ ಕೆಳಗಿಳಿದರೆ ಎಷ್ಟು ಹೂಳೆತ್ತಿದರೂ ಪ್ರಯೋಜನವಿಲ್ಲ. ಕೋಲಾರ, ಚಿತ್ರದುರ್ಗದ ತೆರೆದ ಬಾವಿಗಳ ಪಕ್ಕದಲ್ಲೇ ಕೊಳವೆಬಾವಿ ಕೊರೆಸಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನಾತಿನ ಸುರಂಗ ಮೇಲಿನಿಂದ ಕಾಣುವುದಿಲ್ಲ. ಕಾಣುವುದು ಬಯಲಿನಲ್ಲಿ ಬೆಟ್ಟದ ಕಡೆಯಿಂದ ಸಾಲುಹಿಡಿದು ಬರುವ ಮಣ್ಣಿನ ಗುಡ್ಡೆಗಳು ಮಾತ್ರ, ಬಾವಿ ತೋಡಿದವರು ಮೇಲೆತ್ತಿ ಸುರಿದ ಮಣ್ಣು. ಮಾಹಾನಿನ ಹಸಿರನ್ನು ನೋಡಿ ಬೆರಗಾದವರು ಆ ಗುಡ್ಡೆಗಳನ್ನೂ ಗಮನಿಸುವುದು ಒಳ್ಳೆಯದು. ಕೆರ್ಮಾನ್ ಸೀಮೆಯಲ್ಲಿ ಹಸಿರನ್ನು ಉಳಿಸಿರುವುದು ಆ ಸಾಲು, ಮತ್ತು ತಲೆಮಾರುಗಳಿಂದ ಅದರೊಳಗಿಳಿದು ಹೂಳೆತ್ತುತ್ತ ಬಂದವರ ದುಡಿಮೆ. ಬೀದರಿಗೆ ಹೋದವರು ಕೋಟೆ, ಮದರಸಾ ನೋಡಿದ ಮೇಲೆ ನೌಬಾದಿನ ಸುರಂಗ ಬಾವಿಯನ್ನೂ ಒಮ್ಮೆ ಇಣುಕಿ ನೋಡಬಹುದು. ಆ ವಿದ್ಯೆ ನಮ್ಮ ನೆಲದಲ್ಲಿ ಇನ್ನೂ ಪೂರ್ತಿ ಬತ್ತಿಲ್ಲ.