ಕನ್ನಡಕದೊಳಗಣ ಕಾಯ

ವೈದ್ಯವಿದ್ಯೆಯನ್ನು ಅರಸಿ ಬಂದ ತರುಣ ತರುಣಿಯರಿಗೆ ಮೊದಲ ವರ್ಷದಲ್ಲಿಯೇ ಎದುರಾಗುವ ಶಾಸ್ತ್ರಗಳಲ್ಲೆಲ್ಲ ಅತ್ಯಂತ ಪುರಾತನವೂ ಅತ್ಯಂತ ಶ್ರಮಸಾಧ್ಯವೂ ಆದದ್ದು ಅಂಗರಚನಾಶಾಸ್ತ್ರ. ಅದರ ಕ್ಲೇಶವೆಲ್ಲ ಹೆಸರುಗಳ ಬಾಹುಳ್ಯದಲ್ಲಿದೆಯೆಂದು ಹೊರಗಿನವರು ಭಾವಿಸುವುದುಂಟು. ಹೆಸರುಗಳನ್ನಾದರೆ ಉರು ಹೊಡೆದು ಒಪ್ಪಿಸಬಹುದು, ಆ ವಿದ್ಯೆಯಲ್ಲಿ ನಮ್ಮ ಹುಡುಗರು ಯಾರಿಗೂ ಸೋಲತಕ್ಕವರಲ್ಲ. ಬುದ್ಧಿಯನ್ನು ಕಂಗೆಡಿಸುವುದು ಯಾವ ಅವಯವ ಯಾವುದರ ಹಿಂದಿದೆ, ಯಾವುದರಡಿಯಲ್ಲಿ ನುಸುಳಿ ಯಾವುದರ ಮಗ್ಗುಲಲ್ಲಿ ಮೇಲೇಳುತ್ತದೆ ಎಂಬ ಸ್ಥಾನಸಂಬಂಧದ ವಿಚಾರ. ಕಂಠದಿಂದ ಇಳಿದು ಎದೆಗೂಡನ್ನು ಹೊಗುವ ವೇಗಸ್ ನರದಿಂದ ಎಡಗಡೆ ಕವಲೊಡೆಯುವ ಒಂದು ಸಣ್ಣ ನರವಿದೆ. ಅದು ಹೃದಯದಿಂದ ಹೊರಟ ಮಹಾಪಧಮನಿಯ ಕಮಾನಿಗೆ ಕೆಳಗಿನಿಂದ ಕೊಕ್ಕೆ ಹಾಕಿದಂತೆ ಬಳಸಿ, ಇಳಿದ ದಿಕ್ಕಿಗೇ ಮತ್ತೆ ತಿರುಗಿ, ಶ್ವಾಸನಾಳ ಅನ್ನನಾಳಗಳ ನಡುವಣ ಸಂದಿನಲ್ಲಿ ಮೇಲೇರಿ, ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಅದರ ಬಲಗಡೆಯ ಜೊತೆಯಾದರೋ ಅಷ್ಟು ಕೆಳಗಿಳಿಯದೆ, ಕತ್ತಿನ ಬುಡದ ಸಬ್‌ಕ್ಲೇವಿಯನ್ ಅಪಧಮನಿಯನ್ನು ಬಳಸಿಯೇ ಮರಳಿಬಿಡುತ್ತದೆ. ಎದೆಯೊಳಗಿನ ಗಡ್ಡೆಯೊಂದು ಮನುಷ್ಯನ ದನಿಯನ್ನು ಏಕೆ ಒಡೆಯುವುದು, ಥೈರಾಯ್ಡ್ ಗ್ರಂಥಿಗೆ ಕತ್ತಿಯಿಡುವ ಶಸ್ತ್ರವೈದ್ಯ ಏಕೆ ಉಸಿರು ಬಿಗಿಹಿಡಿಯುವನು ಎಂಬುದೆಲ್ಲ ಈ ಸುತ್ತುದಾರಿಯನ್ನು ಅರಿತವನಿಗೆ ಮಾತ್ರ ತಿಳಿಯುತ್ತದೆ. ಪುಸ್ತಕದ ಸಮತಲದಲ್ಲಿ ಬರೆದಾಗ ಗೆರೆಯ ಮೇಲೆ ಗೆರೆ ಬಿದ್ದು ಮುಂದಿನದಾವುದು ಹಿಂದಿನದಾವುದು ಎಂಬುದೇ ಮರೆಯಾಗುತ್ತದೆ.

ದೇಹವನ್ನು ದೇಹದಿಂದಲೇ ಕಲಿಯಬೇಕೆಂಬ ನಿಯಮ ಪೂರ್ವಪಶ್ಚಿಮಗಳೆರಡರಲ್ಲಿಯೂ ಬೇರೂರಿದ್ದು ಈ ಕಾರಣದಿಂದಲೇ. ಶವವನ್ನು ಹುಲ್ಲಿನಿಂದ ಸುತ್ತಿ ಹರಿಯುವ ನೀರಿನಲ್ಲಿ 7 ರಾತ್ರಿ ಇರಿಸಿ, ಮೆತ್ತಗಾದ ಬಳಿಕ ಲಾವಂಚ, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜಿ, ಪದರ ಪದರವನ್ನೂ ಕಣ್ಣಾರೆ ಕಾಣತಕ್ಕದ್ದೆಂದು ಸುಶ್ರುತಸಂಹಿತೆ ವಿಧಿಸುತ್ತದೆ. ಇಟಲಿಯ ಪಡುವಾದಲ್ಲಿ ಪಾಠ ಹೇಳುತ್ತಿದ್ದ ವೆಸೇಲಿಯಸ್ ಸ್ವತಃ ಕೊಯ್ದು ಕಂಡದ್ದನ್ನು ಚಿತ್ರಸಮೇತ 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚು ಹಾಕಿಸಿದನು. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಲೋಕಾಪವಾದಕ್ಕೆ ಅಂಜದೆ ಶವಕ್ಕೆ ಶಸ್ತ್ರ ಮುಟ್ಟಿಸಿದ್ದು 1836ರಲ್ಲಿ. ನಮ್ಮ ರಾಜ್ಯದಲ್ಲಿ ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಒಪ್ಪಿಸುವುದಕ್ಕೆ 1957ರ ಅಂಗರಚನಾಶಾಸ್ತ್ರ ಅಧಿನಿಯಮವೇ ಆಧಾರವಾಗಿದೆ.

ಇಂತು ಸಹಸ್ರ ವರ್ಷಗಳ ಪರಂಪರೆಯುಳ್ಳ ಈ ಪದ್ಧತಿಯಿಂದ ಧೈರ್ಯವಾಗಿ ಹೊರಬಂದ ಸಂಸ್ಥೆಯೊಂದು ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ, ಈರೀ ಸರೋವರದ ದಂಡೆಯ ಕ್ಲೀವ್‌ಲ್ಯಾಂಡ್ ನಗರದಲ್ಲಿದೆ. ಅಲ್ಲಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯವು ಅದೇ ಊರಿನ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನೊಡಗೂಡಿ ವೈದ್ಯ, ದಂತವೈದ್ಯ, ಶುಶ್ರೂಷಾ ವಿದ್ಯಾರ್ಥಿಗಳೆಲ್ಲ ಒಂದೇ ಸೂರಿನಡಿ ಕಲಿಯುವಂತೆ ಕಟ್ಟಿಸಿ 2019ರಲ್ಲಿ ತೆರೆದ ವಿಶಾಲವಾದ ಶಿಕ್ಷಣಮಂದಿರದಲ್ಲಿ ಎಲ್ಲವೂ ಉಂಟು. ಹಳೆಯ ರೀತಿಯ ಡಿಸೆಕ್ಷನ್ ಹಾಲ್ ಮಾತ್ರ ಇಲ್ಲ. ಅದರ ಸ್ಥಾನವನ್ನು ಪಡೆದಿರುವುದು ಹೋಲೋಅನಾಟಮಿ ಎಂಬ ಪಾಠಕ್ರಮ. ರೇಡಿಯಾಲಜಿ ಪ್ರಾಧ್ಯಾಪಕರಾದ ಮಾರ್ಕ್ ಗ್ರಿಸ್‌ವೋಲ್ಡ್ ಅವರ ಮುಂದಾಳುತನದಲ್ಲಿ ರೂಪುಗೊಂಡ ಈ ಕ್ರಮಕ್ಕೆ ಉಪಕರಣವಾಗಿ ಒದಗಿದ್ದು ಮೈಕ್ರೋಸಾಫ್ಟ್ ಕಂಪನಿಯು 2015ರಲ್ಲಿ ಪ್ರಕಟಿಸಿದ ಹೋಲೋಲೆನ್ಸ್ ಎಂಬ, ತಲೆಗೆ ಧರಿಸುವ ಕನ್ನಡಕ.

ಕನ್ನಡಕವೆಂದರೆ ಹಗುರವಾದದ್ದೆಂದು ಎಣಿಸಬಾರದು. ಅದರ ತೂಕ ಅರ್ಧ ಕಿಲೋಗ್ರಾಮಿಗೂ ಮಿಗಿಲು. ಅದರೊಳಗಿನ ಕ್ಯಾಮೆರಾಗಳು ಕೊಠಡಿಯ ಗೋಡೆ, ನೆಲ, ಮೇಜುಗಳನ್ನು ಕ್ಷಣಕ್ಷಣಕ್ಕೂ ಅಳೆಯುತ್ತ, ಧರಿಸಿದವನ ತಲೆ ಎತ್ತ ಹೊರಳಿತೆಂಬುದನ್ನು ಲೆಕ್ಕವಿಡುತ್ತವೆ. ಆ ಲೆಕ್ಕಕ್ಕನುಸಾರವಾಗಿ ಪಾರದರ್ಶಕವಾದ ಗಾಜಿನ ಒಳಗಿಂದ ಬೆಳಕಿನ ಚಿತ್ರ ಕಣ್ಣಿಗೆ ಬೀಳುವುದರಿಂದ, ಕೊಠಡಿಯು ಎಂದಿನಂತೆ ಕಾಣುತ್ತಲೇ ಇದ್ದು, ಅದರ ನಡುವೆ ಮಾನುಷ ದೇಹವೊಂದು ನಿಂತ ಸ್ಥಳದಲ್ಲಿ ನಿಂತೇ ಇರುವಂತೆ ತೋರುತ್ತದೆ. ವರ್ಧಿತ ವಾಸ್ತವ ಎಂಬ ಹೆಸರು ಇದಕ್ಕೆ ಸಂದಿರುವುದು ಹೀಗೆ. ಕಣ್ಣನ್ನು ಪೂರ್ತಿ ಮುಚ್ಚಿ ಬೇರೊಂದು ಲೋಕಕ್ಕೆ ಒಯ್ಯುವ ವರ್ಚುವಲ್ ರಿಯಾಲಿಟಿಯ ಬಗೆಯೇ ಬೇರೆ. ಇಲ್ಲೊಂದು ಸ್ವಾರಸ್ಯವಿದೆ. ಈ ಗಾಜು ಬೆಳಕನ್ನು ಕೂಡಿಸಬಲ್ಲುದೇ ಹೊರತು ಕಳೆಯಲಾರದಾದ್ದರಿಂದ ಅದಕ್ಕೆ ಕಪ್ಪು ಬಣ್ಣವನ್ನು ತೋರಿಸುವ ಸಾಮರ್ಥ್ಯವಿಲ್ಲ. ಕಪ್ಪಾಗಬೇಕಾದೆಡೆಯೆಲ್ಲ ಹಿಂದಿನ ಗೋಡೆಯೇ ಕಾಣಿಸುತ್ತದೆ. ಅಂದರೆ ಆ ಕಾಯಕ್ಕೆ ನೆರಳೆಂಬುದು ದುರ್ಲಭ. ನಮ್ಮ ಪುರಾಣಗಳಲ್ಲಿ ದೇವತೆಗಳಿಗೆ ಹೇಳಿರುವ ಲಕ್ಷಣವಿದು.

ತರಗತಿಯ ನೋಟವೂ ವಿಚಿತ್ರವಾದದ್ದೇ. ಹತ್ತೆಂಟು ಜನ ಬರಿದಾದ ನೆಲದ ಸುತ್ತ ಮಂಡಲಾಕಾರವಾಗಿ ನಿಂತು, ಶೂನ್ಯವನ್ನು ದಿಟ್ಟಿಸುತ್ತ, ಬಗ್ಗುತ್ತ, ಬದಿಗೆ ಸರಿಯುತ್ತ, ಒಮ್ಮೊಮ್ಮೆ ಗಾಳಿಯೊಳಗೆ ಮುಖವನ್ನೇ ತೂರಿಸುತ್ತಿರುವುದನ್ನು ಕನ್ನಡಕವಿಲ್ಲದ ದಾರಿಹೋಕನು ಕಂಡರೆ ಅವರ ಚಿತ್ತಸ್ವಾಸ್ಥ್ಯವನ್ನು ಶಂಕಿಸಿಯಾನು. ಅವರಿಗಾದರೋ ಒಂದೇ ಸ್ಥಾನದಲ್ಲಿ ಒಂದೇ ದೇಹ ಕಾಣುತ್ತಿರುತ್ತದೆ. ಎದುರು ನಿಂತವನಿಗೆ ಎದೆ, ಹಿಂದೆ ನಿಂತವಳಿಗೆ ಬೆನ್ನು. ಅಧ್ಯಾಪಕರ ಆಜ್ಞೆಯಾದೊಡನೆ ಚರ್ಮ ಕರಗುತ್ತದೆ, ಸ್ನಾಯುಗಳು ತೆರಳುತ್ತವೆ, ಕೆಂಪು ಅಪಧಮನಿ, ನೀಲಿ ಅಭಿಧಮನಿ, ಹಳದಿ ನರಗಳು ತಂತಮ್ಮ ದಾರಿಯಲ್ಲಿ ಉಳಿದು ನಿಲ್ಲುತ್ತವೆ. ಮೊದಲು ಹೇಳಿದ ಆ ಸುತ್ತುದಾರಿಯ ನರವನ್ನು ಹೀಗೆ ಹಿಂದಿನಿಂದಲೂ ಕೆಳಗಿನಿಂದಲೂ ಒಮ್ಮೆ ಪ್ರದಕ್ಷಿಣೆ ಬಂದು ನೋಡಿದವರಿಗೆ ಪುಸ್ತಕದ ಚಿತ್ರದ ಒಗಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಫಾರ್ಮಲಿನ್‌ನಲ್ಲಿ ನೆನೆದ ಶವದಲ್ಲಿ ಈ ವರ್ಣಭೇದವೆಲ್ಲ ಅಳಿದು ಸಕಲವೂ ಒಂದೇ ಬೂದು ಕಂದು ಆಗಿರುತ್ತದೆ. ಅದಲ್ಲದೆ ಒಮ್ಮೆ ಕೊಯ್ದದ್ದನ್ನು ಮರಳಿ ಜೋಡಿಸುವಂತಿಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್ ದೆಸೆಯಿಂದ ವಿದ್ಯಾಲಯಗಳೆಲ್ಲ ಬಾಗಿಲು ಮುಚ್ಚಿದಾಗ ಈ ಸಂಸ್ಥೆಯು ಮೊದಲ ವರ್ಷದ ತನ್ನ 185 ವಿದ್ಯಾರ್ಥಿಗಳು ತಾವಿದ್ದಲ್ಲಿಯೇ ಕನ್ನಡಕ ಧರಿಸಿ ಪಾಠ ಕೇಳುವ ಏರ್ಪಾಡು ಮಾಡಿತು. ಬೇರೆಡೆಯ ಡಿಸೆಕ್ಷನ್ ಹಾಲ್‌ಗಳು ಬೀಗ ಹಾಕಿಸಿಕೊಂಡಿದ್ದ ಆ ದಿನಗಳಲ್ಲಿ ಇಲ್ಲಿನ ದೇಹ ವಿದ್ಯಾರ್ಥಿಯ ಮನೆಯ ನಡುಕೋಣೆಯಲ್ಲಿಯೇ ಎದ್ದುನಿಂತಿತು.

ಇಷ್ಟೆಲ್ಲ ಮೆಚ್ಚಿದ ಮೇಲೆಯೂ ಶವವು ಅನಾವಶ್ಯಕವಾಯಿತೆಂಬ ಮಾತನ್ನು ನಾನು ಒಪ್ಪಲಾರೆ. ಬೆಳಕಿನ ದೇಹವನ್ನು ಮುಟ್ಟಿದ ಬೆರಳಿಗೆ ಏನೂ ತಾಗುವುದಿಲ್ಲ. ಅಪಧಮನಿಯ ಗೋಡೆ ದಪ್ಪ, ಅಭಿಧಮನಿ ಕುಸಿದ ಚೀಲ, ನರ ಬಿಗಿದ ಹುರಿ ಎಂಬುದನ್ನು ಬಣ್ಣದ ಹಂಗಿಲ್ಲದೆ ಹೇಳಬಲ್ಲುದು ಬೆರಳೊಂದೇ, ಮುಂದೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ರಕ್ತದ ನಡುವೆ ಕೆಲಸಕ್ಕೆ ಬರುವುದೂ ಅದೇ. ಇನ್ನು ಕನ್ನಡಕದೊಳಗಣ ಕಾಯ ಎಲ್ಲರಿಗೂ ಮಾದರಿಯಾದ ಒಂದೇ ಕಾಯ. ಓದುಗರು ಹೆಬ್ಬೆರಳು ಕಿರುಬೆರಳುಗಳ ತುದಿಯನ್ನು ಕೂಡಿಸಿ ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿದರೆ ನಡುವೆ ಒಂದು ಸ್ನಾಯುರಜ್ಜು ಉಬ್ಬಿ ಕಾಣುತ್ತದೆ. ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನದು ಅದು. ಅದೆಷ್ಟೋ ಜನರ ಕೈಯಲ್ಲಿ ಆ ಸ್ನಾಯುವೇ ಇರುವುದಿಲ್ಲ, ಇಲ್ಲವೆಂಬ ಅರಿವೂ ಅವರಿಗೆ ಇರುವುದಿಲ್ಲ. ಒಂದು ಮೇಜಿನ ಶವದಲ್ಲಿದ್ದದ್ದು ಪಕ್ಕದ ಮೇಜಿನದರಲ್ಲಿ ಇಲ್ಲದಿರುವುದನ್ನು ಕಂಡೇ ವಿದ್ಯಾರ್ಥಿಯು ಶಾಸ್ತ್ರಕ್ಕೂ ವ್ಯಕ್ತಿಗೂ ಇರುವ ಅಂತರವನ್ನು ತಿಳಿಯುತ್ತಾನೆ. ಆಸ್ಟ್ರೇಲಿಯದ ಬಾಂಡ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಮೋರೋ ಮತ್ತು ಸಂಗಡಿಗರು ತಲೆಬುರುಡೆಯ ಪಾಠವನ್ನು ವರ್ಧಿತ ವಾಸ್ತವ, ವರ್ಚುವಲ್ ರಿಯಾಲಿಟಿ, ಟ್ಯಾಬ್ಲೆಟ್ ಎಂಬ 3 ಬಗೆಯಲ್ಲಿ ಹೇಳಿಕೊಟ್ಟು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಂಕಗಳಲ್ಲಿ ಗಣನೀಯ ವ್ಯತ್ಯಾಸವೇನೂ ಕಂಡುಬರಲಿಲ್ಲ. ಕಣ್ಣು ಮುಚ್ಚಿಸುವ ಯಂತ್ರವನ್ನು ಧರಿಸಿದವರಿಗೆ ತಲೆನೋವು, ತಲೆಸುತ್ತು ಹೆಚ್ಚಾಗಿತ್ತು.

ಮತ್ತೊಂದು ಮಾತು. ಗಣಕಯಂತ್ರದ ದೇಹಗಳ ವಂಶಾವಳಿಯನ್ನು ಹಿಡಿದು ಹೊರಟರೆ ಅಲ್ಲಿಯೂ ಶವವೇ ಸಿಕ್ಕುತ್ತದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ವಿಸಿಬಲ್ ಹ್ಯೂಮನ್ ಎಂಬ ಯೋಜನೆಯಲ್ಲಿ, 1993ರಲ್ಲಿ ಟೆಕ್ಸಾಸಿನಲ್ಲಿ ಮರಣದಂಡನೆಗೆ ಗುರಿಯಾದ, ತನ್ನ ದೇಹವನ್ನು ವಿಜ್ಞಾನಕ್ಕೆ ಬರೆದುಕೊಟ್ಟಿದ್ದ ಕೈದಿಯೊಬ್ಬನ ಶವವನ್ನು ಹೆಪ್ಪುಗಟ್ಟಿಸಿ, 1 ಮಿಲಿಮೀಟರಿನಷ್ಟು ಪದರವನ್ನು ತೆಗೆತೆಗೆದು, 1,800ಕ್ಕೂ ಮಿಕ್ಕ ಛಾಯಾಚಿತ್ರಗಳನ್ನು ಹಿಡಿಸಿ 1994ರಲ್ಲಿ ಲೋಕಕ್ಕೆ ಬಿಡುಗಡೆ ಮಾಡಿತು. ಮರುವರ್ಷ ಸ್ತ್ರೀದೇಹವೊಂದು ಅದರ ಮೂರನೆಯ ಒಂದಂಶದಷ್ಟು ತೆಳುವಾದ ಪದರಗಳಲ್ಲಿ ಹೊರಬಂದಿತು. ಆಮೇಲಿನ ಹಲವು ಅಂಗರಚನಾ ತಂತ್ರಾಂಶಗಳು ಈ ಇಬ್ಬರಿಗೆ ಋಣಿಗಳಾಗಿವೆ.

ಕ್ಲೀವ್‌ಲ್ಯಾಂಡಿನವರು ನೆಚ್ಚಿದ ಯಂತ್ರದ ಆಯುಸ್ಸೂ ಅಲ್ಪವೇ ಆಯಿತು. 2016ರಲ್ಲಿ 3,000 ಡಾಲರಿಗೂ, ಎರಡನೆಯ ಆವೃತ್ತಿ 2019ರಲ್ಲಿ 3,500 ಡಾಲರಿಗೂ ಮಾರಾಟಕ್ಕೆ ಬಂದ ಹೋಲೋಲೆನ್ಸಿನ ತಯಾರಿಕೆ ನಿಂತಿತೆಂದು 2024ರಲ್ಲಿ ಕಂಪನಿಯೇ ತಿಳಿಸಿತು. ಪಾಠವನ್ನು ಇನ್ನೊಬ್ಬ ವ್ಯಾಪಾರಿಯ ಕನ್ನಡಕಕ್ಕೆ ಒಗ್ಗಿಸುವುದು ಅಸಾಧ್ಯವೇನಲ್ಲ. ಆದರೂ ವೆಸೇಲಿಯಸನ ಪುಸ್ತಕವನ್ನು ಇಂದಿಗೂ ಸುಮ್ಮನೆ ತೆರೆದು ಓದಬಹುದೆಂಬುದನ್ನು, ಯಂತ್ರ ಕೊಳ್ಳಲು ಹೊರಡುವ ಆಡಳಿತ ಮಂಡಳಿಗಳು ಲೆಕ್ಕಪತ್ರದ ನಡುವೆ ಒಮ್ಮೆ ನೆನೆಯುವುದು ಕ್ಷೇಮ.

ನಮ್ಮಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮವೇ ಶವವನ್ನು ಮೊದಲ ಗುರುವೆಂದು ಕರೆದು ವಿನಯವನ್ನು ಕಲಿಸುತ್ತದೆ. ಆ ಗುರುವಿನ ಪೀಠವನ್ನು ಕದಲಿಸಬೇಕಾದ್ದಿಲ್ಲ. ಗುರುವಿಗೂ ಹೇಳಲಾಗದ ಪಾಠವೊಂದುಂಟು, ಅದು ಗರ್ಭದೊಳಗಿನ ಬೆಳವಣಿಗೆಯದು. ಭ್ರೂಣದ ಕರುಳು ಸುಮಾರು 6ನೆಯ ವಾರದಲ್ಲಿ ಹೊಟ್ಟೆಯಲ್ಲಿ ಎಡೆ ಸಾಲದೆ ಹೊಕ್ಕುಳಬಳ್ಳಿಯೊಳಕ್ಕೆ ಚಾಚಿ, ತನ್ನದೇ ಅಪಧಮನಿಯನ್ನು ಅಚ್ಚಾಗಿ ಮಾಡಿಕೊಂಡು ಒಟ್ಟು 270 ಅಂಶಗಳಷ್ಟು ತಿರುಗಿ, 10ನೆಯ ವಾರದ ಹೊತ್ತಿಗೆ ಒಳಕ್ಕೆ ಮರಳುತ್ತದೆ. ಆ ತಿರುವು ಅರ್ಧಕ್ಕೆ ನಿಂತರೆ ಹುಟ್ಟಿದ ಕೂಸಿನ ಕರುಳು ಹೊಸೆದುಕೊಂಡು ಪ್ರಾಣಕ್ಕೇ ಸಂಚಕಾರ ಬರುವುದುಂಟು. ಈ ಚಲನೆಯನ್ನು ಯಾವ ಶವವೂ ತೋರಿಸಲಾರದು. ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ, ಕೈಯಲ್ಲಿ ರಬ್ಬರ್ ಕೊಳವೆಯನ್ನು ತಿರುಚಿ ತೋರಿಸಿ ಅಧ್ಯಾಪಕರು ದಣಿಯುತ್ತಾರೆ, ಹಿಂದಿನ ಬೆಂಚಿನವರು ಅರ್ಥವಾದವರಂತೆ ತಲೆದೂಗುತ್ತಾರೆ. ಕಾಲಕ್ರಮದಲ್ಲಿ ಮಡಿಚಿಕೊಳ್ಳುವ, ತಿರುಗುವ ಅವಯವವನ್ನು ವಿದ್ಯಾರ್ಥಿಯ ಕಣ್ಣೆದುರಿಗೆ ಬೇಕಾದಷ್ಟು ಸಾರಿ ಹಿಂದಕ್ಕೂ ಮುಂದಕ್ಕೂ ನಡೆಯಿಸಿ ತೋರಿಸುವುದು ಈ ಕನ್ನಡಕಕ್ಕೆ ಸುಲಭಸಾಧ್ಯವಾದ ಕೆಲಸ. ಹಣವುಳ್ಳ ಕಾಲೇಜೊಂದು ನಾಲ್ಕಾರು ಕನ್ನಡಕಗಳನ್ನು ತರಿಸುವುದೇ ಆದರೆ, ಮೊದಲು ಈ ಭ್ರೂಣಶಾಸ್ತ್ರದ ತರಗತಿಗೆ ಕೊಡತಕ್ಕದ್ದು.