ಹೊಳ್ಳೆ ಮುಂದೆ, ಉಸಿರು ಹಿಂದೆ

ಅಂಚೆಟ್ಟಿಯಿಂದ ಡೆಂಕಣಿಕೋಟೆ ಹಾದು ಹೊಸೂರಿಗೆ ಹೋಗುವ ಬಸ್ಸಿನಲ್ಲಿ ಬೇಸಿಗೆಯ ಮಧ್ಯಾಹ್ನ ಕುಳಿತವರಿಗೆಲ್ಲ ಒಂದು ಸಂಗತಿ ಗೊತ್ತು. ಮುಂದಿನ ಕಿಟಕಿ ಎಷ್ಟು ಅಗಲ ತೆರೆದಿದ್ದರೂ ಹಿಂದಿನವೆಲ್ಲ ಮುಚ್ಚಿದ್ದರೆ ಒಳಗೆ ಗಾಳಿಯಾಡುವುದಿಲ್ಲ. ಹಿಂದೊಂದು ಗಾಜು ಸರಿಸಿದರೆ ಸೆಕೆ ಇಳಿಯುತ್ತದೆ. ಮಾದರಿ ವಿಮಾನದ ಎಂಜಿನ್ನಿಗೆ ಮುಸುಕು ತೊಡಿಸುವವರು, ಅಂದರೆ ಕೌಲ್ ಮಾಡುವವರು, ಮೊದಮೊದಲು ಮರೆಯುವುದು ಇದನ್ನೇ. ಮೂಗಿನ ಹೊಳ್ಳೆಗಳನ್ನು ಅಂದವಾಗಿ ಕೊರೆದು, ಗಾಳಿ ಹೊರಬೀಳುವ ದಾರಿಯನ್ನು ಬಿಟ್ಟುಬಿಡುತ್ತಾರೆ.

ಹೊಳ್ಳೆ ನೋಡಿ ಕಲಿಯಲು ಈ ಸೀಮೆಯವರು ದೂರ ಹೋಗಬೇಕಿಲ್ಲ. ಹೊಸೂರಿನ ಹತ್ತಿರದ ಬೇಲಗೊಂಡಪಲ್ಲಿಯಲ್ಲಿ ತನೇಜಾ ಏರೋಸ್ಪೇಸ್ ಸಂಸ್ಥೆಗೆ ತನ್ನದೇ ರನ್‌ವೇ ಇದೆ. ಇಟಲಿಯ ಲುಯಿಜಿ ಪಾಸ್ಕಾಲೆ ವಿನ್ಯಾಸಗೊಳಿಸಿದ ಪಾರ್ಟೆನಾವಿಯಾ ಪಿ-68 ಎಂಬ ಎರಡು ಎಂಜಿನ್ನಿನ ಪುಟ್ಟ ವಿಮಾನವನ್ನು ಪರವಾನಗಿ ಪಡೆದು ಇಲ್ಲಿ ಕಟ್ಟಿದರು. 1994ರಲ್ಲಿ ಮೊದಲನೆಯದು ಹಾರಿತು. ಅದರ ಒಂದೊಂದು ಎಂಜಿನ್ನೂ ನಾಲ್ಕು ಸಿಲಿಂಡರಿನ, 200 ಅಶ್ವಶಕ್ತಿಯ ಲೈಕಮಿಂಗ್. ತಣಿಸುವುದಕ್ಕೆ ರೇಡಿಯೇಟರ್ ಇಲ್ಲ, ನೀರಿಲ್ಲ, ಗಾಳಿಯೊಂದೇ ಆಧಾರ.

ಗಾಳಿಯಲ್ಲಿ ತಣಿಯುವ ಎಂಜಿನ್ ಹೊಸೂರಿಗೆ ಹೊಸದೇನಲ್ಲ. 1980ರಲ್ಲಿ ಇಲ್ಲಿಂದಲೇ ಹೊರಟ ಟಿವಿಎಸ್ 50 ಮೊಪೆಡ್ಡಿನ ಸಿಲಿಂಡರಿಗೆ ಸುತ್ತ ಲೋಹದ ತೆಳು ಏಣುಗಳು, ಅಂದರೆ ಫಿನ್‌ಗಳು, ಇದ್ದವು; ಗಾಡಿ ಓಡಿದರೆ ಗಾಳಿ ತಾನಾಗಿ ತಾಗುತ್ತಿತ್ತು. ಸ್ಕೂಟರಿನ ಎಂಜಿನ್ ಮೈಯೊಳಗೆ ಅಡಗಿರುವುದರಿಂದ ಅದಕ್ಕೊಂದು ಫ್ಯಾನು, ಗಾಳಿಯನ್ನು ಫಿನ್‌ಗಳ ನಡುವೆಯೇ ತಳ್ಳುವ ತಗಡಿನ ಹೊದಿಕೆ ಬೇಕಾಯಿತು. ವಿಮಾನದಲ್ಲಿ ಫ್ಯಾನಿನ ಕೆಲಸ ವೇಗದ್ದು, ಹೊದಿಕೆಯ ಕೆಲಸ ಕೌಲ್‌ನದ್ದು.

ಆದರೆ ಕೌಲ್ ಹುಟ್ಟಿದ್ದು ತಣಿಸುವುದಕ್ಕಲ್ಲ. ಮೊದಲ ಮಹಾಯುದ್ಧದ ಕಾಲದ ರೋಟರಿ ಎಂಜಿನ್‌ಗಳಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರ್ ಜೊತೆ ಗಿರಗಿರ ತಿರುಗುತ್ತ, ಸುಟ್ಟು ಮುಗಿಯದ ಹರಳೆಣ್ಣೆಯನ್ನು ಚಾಲಕನ ಮುಖಕ್ಕೆ ಎರಚುತ್ತಿದ್ದವು. ಆ ಎಣ್ಣೆಯನ್ನು ತಡೆಯಲು ಸುತ್ತ ಒಂದು ತಗಡು ಬಂತು. ಮುಂದೆ ಸಿಲಿಂಡರುಗಳು ನಿಂತಲ್ಲೇ ನಿಂತ ಮೇಲೆ ತಗಡು ಹೋಯಿತು; ಬಿಸಿಯಾದದ್ದು ಬಯಲಿನಲ್ಲಿದ್ದರೆ ತಣ್ಣಗಾಗುತ್ತದೆ ಎಂದು ಎಂಜಿನ್ನನ್ನು ಗಾಳಿಗೆ ಬಿಟ್ಟರು. ತಣ್ಣಗಾಯಿತು ನಿಜ. ಆದರೆ ಬರಿಯ ಸಿಲಿಂಡರುಗಳು ಗಾಳಿಯನ್ನು ಕದಡಿ ವಿಮಾನವನ್ನು ಹಿಂದಕ್ಕೆ ಜಗ್ಗುತ್ತಿದ್ದವು.

ಇದಕ್ಕೆ ಉತ್ತರ ಸಿಕ್ಕಿದ್ದು 1928ರಲ್ಲಿ, ಅಮೆರಿಕದ ಲ್ಯಾಂಗ್ಲಿಯಲ್ಲಿ. ನಾಕಾ ಎಂಬ ವೈಮಾನಿಕ ಸಂಶೋಧನಾ ಸಮಿತಿಯ ಎಂಜಿನಿಯರ್ ಫ್ರೆಡ್ ವೀಕ್ ಮತ್ತು ಸಂಗಡಿಗರು 20 ಅಡಿ ಅಗಲದ ಗಾಳಿಸುರಂಗದಲ್ಲಿ ನಿಜವಾದ ಎಂಜಿನ್ ಇಟ್ಟು, ಬಗೆಬಗೆಯ ಮುಸುಕು ತೊಡಿಸಿ ಅಳೆದರು. ಪಟ್ಟಿಯಲ್ಲಿ ಹತ್ತನೆಯದು ಎಂಜಿನ್ನನ್ನು ಪೂರ್ತಿ ಮುಚ್ಚುವಂಥದ್ದು. ಬೆಂದುಹೋಗಬೇಕಿದ್ದ ಎಂಜಿನ್ ಅದರೊಳಗೂ ತಂಪಾಗಿಯೇ ಓಡಿತು. ಗುಟ್ಟು ಎರಡು: ಮುಂದಿನ ತುಟಿ ಗುಂಡಗಿತ್ತು, ಒಳಗಿನ ತಡೆಹಲಗೆಗಳು, ಅಂದರೆ ಬ್ಯಾಫಲ್‌ಗಳು, ಗಾಳಿಯನ್ನು ಬಿಸಿಯಿದ್ದಲ್ಲಿಗೇ ಕಳಿಸಿ ಹಿಂದಿನ ಸಂದಿಯಿಂದ ಹೊರಗೆ ಬಿಡುತ್ತಿದ್ದವು. ಕರ್ಟಿಸ್ ಎಟಿ-5ಎ ವಿಮಾನಕ್ಕೆ ಇದನ್ನು ತೊಡಿಸಿದಾಗ ವೇಗ ಗಂಟೆಗೆ 118 ಮೈಲಿಯಿಂದ 137ಕ್ಕೆ ಏರಿತು. ಎಂಜಿನ್ ಅದೇ, ಬದಲಾದದ್ದು ಮುಸುಕು ಮಾತ್ರ. 1929ರ ಕಾಲಿಯರ್ ಟ್ರೋಫಿ ನಾಕಾಗೆ ಬಂದದ್ದು ಈ ಕೆಲಸಕ್ಕೇ.

ಲೈಕಮಿಂಗ್‌ನಂಥ, ಸಿಲಿಂಡರುಗಳು ಅಡ್ಡ ಮಲಗಿದ ಎಂಜಿನ್‌ಗಳಿಗೆ ಹೊಳ್ಳೆ ಒಂದಲ್ಲ, ಪ್ರೊಪೆಲ್ಲರ್ ನಡುವಿನ ಟೋಪಿಯ, ಅಂದರೆ ಸ್ಪಿನ್ನರ್‌ನ, ಎಡಬಲಕ್ಕೆ ಎರಡು. ಒಳಹೊಕ್ಕ ಗಾಳಿ ಸಿಲಿಂಡರುಗಳ ಮೇಲೆ ನಿಧಾನವಾಗಿ ಒತ್ತಡ ಕಟ್ಟಿಕೊಂಡು, ಫಿನ್‌ಗಳ ಸಂದಿಯಲ್ಲಿ ಕೆಳಗಿಳಿದು, ಹೊಟ್ಟೆಯ ಹಿಂದಿನಿಂದ ಹೊರಡುತ್ತದೆ. ಬ್ಯಾಫಲ್ ಅಂಚಿನ ರಬ್ಬರ್ ಪಟ್ಟಿಯೊಂದು ಕಿತ್ತು ಗಾಳಿ ಸೋರಿದರೂ ಎಂಜಿನ್ ಕಾಯುತ್ತದೆ.

ಮಾದರಿ ವಿಮಾನಕ್ಕೆ ಇದೆಲ್ಲ ಇನ್ನೂ ಬಿಗಿಯಾದ ಲೆಕ್ಕ. 1947ರಲ್ಲಿ ರೇ ಆರ್ಡನ್ ಮಾರುಕಟ್ಟೆಗೆ ತಂದ, ಕಿಡಿಯ ಬದಲು ಕಾದ ತಂತಿಯಿಂದ ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಸಣ್ಣ ಎಂಜಿನ್‌ಗಳನ್ನು ಹಗುರಗೊಳಿಸಿತು. 6.5 ಸಿಸಿಯ ಒಂಟಿ ಸಿಲಿಂಡರಿನ ಎಂಜಿನ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ಮೀರಿ ತಿರುಗುತ್ತದೆ. ನೆಲದ ಮೇಲೆ ಚೆನ್ನಾಗಿಯೇ ಓಡಿದ್ದು ಹಾರಿದ ನಾಲ್ಕೈದು ನಿಮಿಷಕ್ಕೆ ಸೊರಗಿದರೆ ಮೊದಲು ಕೌಲ್ ಮೇಲೆಯೇ ಅನುಮಾನ ಬೀಳುತ್ತದೆ. ಅಂದಕ್ಕೆಂದು ಎರಡು ಹೊಳ್ಳೆ ಕೊರೆದಿದ್ದರೆ, ಸಿಲಿಂಡರ್ ಇಲ್ಲದ ಕಡೆಯದನ್ನು ಒಳಗಡೆ ಬಾಲ್ಸಾ ಮರದ ಚೂರಿನಿಂದ ಮುಚ್ಚಬೇಕು. ಇಲ್ಲವಾದರೆ ಗಾಳಿ ಸುಲಭದ ದಾರಿ ಹಿಡಿದು, ಬಿಸಿ ತಲೆಯನ್ನು ಮುಟ್ಟದೆ ಹೊರಟುಹೋಗುತ್ತದೆ. ಹೊರದಾರಿ ಒಳದಾರಿಯ ಎರಡರಿಂದ ಮೂರು ಪಟ್ಟಿರಲಿ ಎಂಬುದು ಕಟ್ಟುವವರ ಕೈಲೆಕ್ಕ. ಬಿಸಿಯಾದ ಗಾಳಿ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಹೊರದಾರಿಯ ಮುಂದಿನ ಅಂಚನ್ನು ತುಸು ಕೆಳಗೆ ಬಾಗಿಸಿದರೆ ಅದರ ಹಿಂದೆ ಒತ್ತಡ ಕುಸಿದು, ಒಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಡುಗೆಮನೆಯ ಹೊಗೆಕೊಳವೆಯ ಬಾಯಿಯಲ್ಲಿ ಗಾಳಿ ಬೀಸಿದಾಗ ಒಲೆ ಚುರುಕಾಗುವುದೂ ಹೀಗೆಯೇ.

ಹೊಳ್ಳೆಯ ರೂಪ ಮೂಡುವುದು ಕೈಯಲ್ಲಿ. ಥರ್ಮಾಕೋಲ್ ದಿಮ್ಮಿಯನ್ನು ಮೂಗಿನಾಕಾರಕ್ಕೆ ಕೆತ್ತಿ, ಪ್ಯಾಕಿಂಗ್ ಟೇಪ್ ಸುತ್ತಿ, ಮೇಲೆ ಎಪಾಕ್ಸಿಯಲ್ಲಿ ಅದ್ದಿದ ಗಾಜಿನ ಬಟ್ಟೆಯನ್ನು ಎರಡು ಮೂರು ಪದರ ಹಾಸುತ್ತಾರೆ. ಅಗ್ಗವೆಂದು ಪಾಲಿಯೆಸ್ಟರ್ ರೆಸಿನ್ ತಂದರೆ, ಟೇಪಿನ ಸಂದಿಯಲ್ಲಿ ಇಳಿದು ಅದರಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನೇ ತಿಂದುಬಿಡುತ್ತದೆ. ಎಪಾಕ್ಸಿ ಗಟ್ಟಿಯಾದ ಮೇಲೆ ಒಳಗಿನ ದಿಮ್ಮಿಯನ್ನು ಅಸಿಟೋನ್ ಸುರಿದು ಕರಗಿಸಿದರೆ ಉಳಿಯುವುದು ಹಗುರವಾದ ಚಿಪ್ಪು. ಹೊಳ್ಳೆಯನ್ನು ಗುರುತಿಗಿಂತ ಚಿಕ್ಕದಾಗಿಯೇ ಕತ್ತರಿಸಿ, ಅಂಚಿಗೆ ಬಾಲ್ಸಾ ಬಳೆ ಅಂಟಿಸಿ, ಪೆನ್ಸಿಲ್ಲಿಗೆ ಸುತ್ತಿದ ಉಪ್ಪುಕಾಗದದಿಂದ ಒಳಕ್ಕೂ ಹೊರಕ್ಕೂ ತಿದ್ದಬೇಕು. ಚೂಪಾದ ಅಂಚಿದ್ದರೆ ಮೂಗೆತ್ತಿ ಏರುವಾಗ ಗಾಳಿ ತುಟಿಯಿಂದ ಕಳಚಿ ಸುಳಿಯಾಗುತ್ತದೆ. ಎಂಜಿನ್ನಿಗೆ ತಂಪು ಹೆಚ್ಚು ಬೇಕಾಗುವುದು ಆ ಹೊತ್ತಿನಲ್ಲೇ. ಈ ಗುಂಡನೆಯ ತುಟಿಗೆ ಒಂದು ಸಂಜೆ ಪೂರ್ತಿ ಹಿಡಿದರೂ ಅದು ಸಾರ್ಥಕ.

ಈಗ ಬಹುಪಾಲು ಮಾದರಿಗಳಲ್ಲಿ ಬ್ಯಾಟರಿ ಮೋಟರ್. ಆದರೂ ಹೊಳ್ಳೆ ಹೋಗಿಲ್ಲ; ಮೋಟರಿನ ವೇಗ ನಿಯಂತ್ರಕ, ಲಿಪೊ ಬ್ಯಾಟರಿ ಎರಡೂ ಕಾಯುತ್ತವೆ. ಬ್ಯಾಟರಿ ಗೂಡಿನ ಹಿಂದೆಯೂ ಒಂದು ತೂತು ಬೇಕಾಗಿದೆ.

ಗ್ಲೋ ಎಂಜಿನ್ ಬಿಡದವರಿಗೆ ಮಾತ್ರ ಒಂದು ಅನುಕೂಲ ಉಳಿದಿದೆ. ಮೆಥನಾಲ್ ಜೊತೆ ಬೆರೆಸುವ ಎಣ್ಣೆಯಲ್ಲಿ ಇಂದಿಗೂ ಹರಳೆಣ್ಣೆಯ ಪಾಲಿರುತ್ತದೆ. ವಿಮಾನ ಇಳಿದೊಡನೆ ಅನುಭವಿಗಳು ಅದನ್ನು ಬೋರಲು ಹಾಕುತ್ತಾರೆ. ಹೊಟ್ಟೆಯ ಮೇಲೆ ಹೊರದಾರಿಯಿಂದ ಬಾಲದವರೆಗೆ ಎಣ್ಣೆಯ ಗೆರೆಗಳು ನೇರವಾಗಿ ಹರಿದಿವೆಯೇ, ಬಾಯಲ್ಲೇ ಸುಳಿ ಸುತ್ತಿ ನಿಂತಿವೆಯೇ ಎಂದು ನೋಡಿ, ಆಮೇಲಷ್ಟೇ ಬಟ್ಟೆ ತೆಗೆದುಕೊಂಡು ಒರೆಸುತ್ತಾರೆ.