ಬಿಚ್ಚಿದ ಬೀಗ, ಕಾಣೆಯಾದ ಪಿನ್ನು

ಹಳೆಯ ಬೀಗಗಳನ್ನು ಬಿಚ್ಚಿ ನೋಡುವ ಹವ್ಯಾಸ ನಮ್ಮ ಬಾಂಧವರಲ್ಲಿ ಕೆಲವರಿಗಾದರೂ ಉಂಟು. ಪುಣೆಯಲ್ಲಿ ಈ ಗೀಳಿಗೆ ಇಂಬು ಸಿಗುವುದು ಸುಲಭ. ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಅಡ್ಡಾಡಿದರೆ ಸಾಕು.

ನಮ್ಮ ಫ್ಲ್ಯಾಟುಗಳ ಬಾಗಿಲಲ್ಲಿ ಸಾಮಾನ್ಯವಾಗಿರುವುದು ಪಿನ್ನಿನ ಬೀಗ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ಬೀಗದ ತತ್ತ್ವವೇ ಇದರದು. ತಿರುಗುವ ದಿಂಡಿನ ಮೇಲೆ ಸಾಲಾಗಿ ಐದಾರು ರಂಧ್ರಗಳು. ಒಂದೊಂದರಲ್ಲೂ ಕೆಳಪಿನ್ನು, ಮೇಲ್ಪಿನ್ನು, ಅದರ ನೆತ್ತಿಗೆ ಒಂದು ಸ್ಪ್ರಿಂಗು. ಸರಿಯಾದ ಕೀಲಿಕೈ ಹೊಕ್ಕಾಗ ಎರಡು ಪಿನ್ನುಗಳ ನಡುವಣ ಸಂದು ದಿಂಡಿನ ಅಂಚಿಗೆ ಬಂದು ನಿಲ್ಲುತ್ತದೆ, ದಿಂಡು ತಿರುಗುತ್ತದೆ.

ದಿಂಡನ್ನು ಬರಿದೇ ಹೊರಗೆಳೆದರೆ ಮೇಲಿನ ಸ್ಪ್ರಿಂಗುಗಳು ಪಿನ್ನುಗಳೊಡನೆ ಚಿಮ್ಮಿ ಸೋಫಾದಡಿ ಸೇರುತ್ತವೆ. ಬಲ್ಲ ಕುಶಲಕರ್ಮಿ ದಿಂಡಿನಷ್ಟೇ ದಪ್ಪದ ಕೋಲನ್ನು ಹಿಂದಿನಿಂದ ಒತ್ತುತ್ತ ದಿಂಡನ್ನು ಹೊರತರುತ್ತಾನೆ. ದಿಂಡನ್ನು ಅರ್ಧ ಸುತ್ತು ತಿರುಗಿಸಿ ಎಳೆಯುವುದೂ ತಪ್ಪು. ಮೇಲ್ಪಿನ್ನುಗಳು ಕೀಲಿ ತೂರುವ ಸೀಳಿನೊಳಗೆ ಇಳಿದು ಸಿಕ್ಕಿಕೊಳ್ಳಬಹುದು. ಕಳೆದದ್ದನ್ನು ಅಯಸ್ಕಾಂತದಿಂದ ಹುಡುಕುವವರಿದ್ದಾರೆ. ಹಿತ್ತಾಳೆಯ ಪಿನ್ನು ಅದಕ್ಕೆ ಒಲಿಯದು!

ಆದರೆ ನಿಜವಾದ ಅಪಾಯ ಬೇರೆಯೇ ಇದೆ. ಕೆಳಪಿನ್ನುಗಳ ಉದ್ದ ಒಂದೇ ಸಮನಲ್ಲ. ಅವು ಅದಲುಬದಲಾದರೆ ಕೀಲಿಕೈ ತಿರುಗದು, ತಪ್ಪು ಕೂಡಲೇ ತಿಳಿಯುತ್ತದೆ. ಒಂದು ರಂಧ್ರದ ಪಿನ್ನುಗಳೇ ಇಲ್ಲದೆ ಜೋಡಿಸಿದರೆ ಮಾತ್ರ ಬೀಗ ಎಂದಿನಂತೆಯೇ ತೆರೆಯುತ್ತದೆ, ಮುಚ್ಚುತ್ತದೆ. ಮನೆಯವರಿಗೆ ಸುಳಿವೂ ಸಿಗದು. ಬಾಗಿಲಿನ ಕಾವಲು ಅಷ್ಟರಮಟ್ಟಿಗೆ ಸಡಿಲವಾಗಿ, ಒಪ್ಪಬಾರದ ಕೀಲಿಕೈಗೂ ಬೀಗ ಒಪ್ಪಿಬಿಡಬಹುದು. ಆದ್ದರಿಂದ ಮುಂಬಾಗಿಲಿನ ಬೀಗದ ಮೇಲೆ ಪ್ರಯೋಗ ಸಲ್ಲದೆಂಬುದು ನಮ್ಮ ಖಚಿತ ಅಭಿಪ್ರಾಯ. (ಬ್ಯಾಂಕಿನಲ್ಲಿ ಕೀಲಿಕೈಗಳ ಲೆಕ್ಕವಿಡುತ್ತ ತಲೆ ನರೆತವರು ಹೀಗಲ್ಲದೆ ಇನ್ನೇನು ಹೇಳಿಯಾರು?)

ಸನ್ನೆಗಳಿರುವ ಲಿವರ್ ಬೀಗದ ಪಾಡು ಬೇರೆ. ತೆಳು ಹಿತ್ತಾಳೆ ತಗಡುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಪ್ರತಿ ತಗಡಿಗೂ ಒಂದು ಸ್ಪ್ರಿಂಗು. ಇಲ್ಲಿ ಕ್ರಮವೇ ಪ್ರಾಣ. ಒಂದೊಂದು ತಗಡು ತೆಗೆದಾಗಲೂ ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದು ಲೇಸು.

ಬಿಚ್ಚುವಾಗ ಅಂಚುಳ್ಳ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿಕೊಳ್ಳಬೇಕು, ಕನ್ನಡಕ ಧರಿಸಬೇಕು. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಕೆಲಸ ಮಾಡಿದರೆ ಚಿಮ್ಮಿದ್ದು ಅಲ್ಲಿಯೇ ಉಳಿಯುತ್ತದೆ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ನೆಲಕ್ಕೆ ಬಿದ್ದ ಪಿನ್ನು ಸಿಗುವವರೆಗೂ ಮಗುವನ್ನು ಆ ಕೋಣೆಗೆ ಬಿಡಲಾಗದು. ಅಜ್ಜಿಯ ಟ್ರಂಕಿನ ರಿವೆಟ್ ಬಡಿದ ಬೀಗವನ್ನಂತೂ ಬಿಚ್ಚದಿರುವುದೇ ಸರಿ. ರಿವೆಟ್ ಕತ್ತರಿಸಿದರೆ ಅದು ಮೊದಲಿನ ರೂಪಕ್ಕೆ ಮರಳುವುದು ಕಷ್ಟ.